ತಣ್ಣೀರಿನಲ್ಲಿ ಕಯಾಕಿಂಗ್: ಉಡುಪು ನೀರಿಗೆ ತಕ್ಕ ಹಾಗಿರಲಿ



ಏಪ್ರಿಲ್ ಮುಗಿಯುತ್ತಾ ಬಂತೆಂದರೆ ನಮ್ಮ ಸಿಯಾಟಲ್ ಕಡೆಯ ಕನ್ನಡಿಗರ ಮುಖಕ್ಕೆ ಒಂದು ಕಳೆ ಬರುತ್ತದೆ. ತಿಂಗಳುಗಟ್ಟಲೆ ಜಿಟಿಜಿಟಿ ಮಳೆ, ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕವಿಯುವ ಕತ್ತಲೆ, ಇವನ್ನೆಲ್ಲ ಸಹಿಸಿಕೊಂಡವರಿಗೆ ಮೇ ತಿಂಗಳ ಮೊದಲ 75 ಡಿಗ್ರಿ ಬಿಸಿಲು ಯುಗಾದಿಗಿಂತ ದೊಡ್ಡ ಹಬ್ಬ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಲೇಕ್ ಸಮ್ಮಾಮಿಶ್‌ಗೋ ಲೇಕ್ ವಾಷಿಂಗ್ಟನ್‌ಗೋ ಹೊರಡುತ್ತೇವೆ. ಅಲ್ಲಿ ದಡದಲ್ಲಿ ಬಣ್ಣಬಣ್ಣದ ಕಯಾಕ್‌ಗಳು ಬಾಡಿಗೆಗೆ ಸಿಗುತ್ತವೆ. "ಅಪ್ಪಾ, ನಾವೂ ಹೋಗೋಣ" ಎಂದು ಮಕ್ಕಳು ಶುರು ಮಾಡುತ್ತಾರೆ. ಗಾಳಿ ತುಂಬಿಸುವ ಕಯಾಕನ್ನು ಕೊಂಡು ಕಾರಿನ ಡಿಕ್ಕಿಯಲ್ಲೇ ಇಟ್ಟುಕೊಂಡು ಓಡಾಡುವವರೂ ನಮ್ಮಲ್ಲಿ ಬಹಳ ಮಂದಿ ಆಗಿದ್ದಾರೆ.

ಕಯಾಕಿಂಗ್ ಒಳ್ಳೆಯ ಹವ್ಯಾಸ. ವಾರವಿಡೀ ಮಾನಿಟರ್ ಮುಂದೆ ಕೂತ ಬೆನ್ನಿಗೂ ಮನಸ್ಸಿಗೂ ಅದರಷ್ಟು ಹಿತವಾದದ್ದು ಕಡಿಮೆ. ಹೋಗಬೇಡಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಆದರೆ ನಮ್ಮ ಊರಿನ ಅನುಭವದಿಂದ ನಮಗೆ ತಿಳಿಯದ ಒಂದು ವಿಷಯ ಇಲ್ಲಿನ ನೀರಿನಲ್ಲಿದೆ. ಅದನ್ನು ತಿಳಿದುಕೊಂಡು ಹೋಗುವುದು ಒಳ್ಳೆಯದು. "ತಣ್ಣೀರನ್ನೂ ಆರಿಸಿ ಕುಡಿ" ಎನ್ನುವ ಗಾದೆ ಗೊತ್ತಲ್ಲ, ಇಲ್ಲಿ ಅದು ಅಕ್ಷರಶಃ ಅನ್ವಯಿಸುತ್ತದೆ.

ವಿಷಯ ಇಷ್ಟೇ. ಗಾಳಿ 75 ಡಿಗ್ರಿ ಫ್ಯಾರನ್‌ಹೀಟ್ ಇರುವ ದಿನ ನೀರೂ ಹಾಗೇ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಇರುವುದಿಲ್ಲ. ನೀರು ನಿಧಾನವಾಗಿ ಕಾಯುತ್ತದೆ. ಲೇಕ್ ವಾಷಿಂಗ್ಟನ್ನಿನ ಮೇಲ್ಪದರ ಆಗಸ್ಟ್ ಹೊತ್ತಿಗೆ 70 ಡಿಗ್ರಿ ದಾಟುತ್ತದೆ ನಿಜ, ಆದರೆ ಮೇ ತಿಂಗಳಲ್ಲಿ ಅದು 50ರಿಂದ 60ರ ನಡುವೆ ಇರುತ್ತದೆ. ಪ್ಯೂಜೆಟ್ ಸೌಂಡ್ ಅಂತೂ ಪೆಸಿಫಿಕ್ ಸಾಗರದ ನೀರು. ತೆರೆದ ಭಾಗದಲ್ಲಿ ಚಳಿಗಾಲದಲ್ಲಿ 45, ಬೇಸಿಗೆಯಲ್ಲಿ 55ರ ಆಸುಪಾಸು, ಅಂದರೆ ಸೆಲ್ಸಿಯಸ್‌ನಲ್ಲಿ 7ರಿಂದ 13. ಸ್ಕೈಕೋಮಿಶ್, ಸ್ನೋಕ್ವಾಲ್ಮಿ ನದಿಗಳಲ್ಲಿ ಮೇ-ಜೂನ್ ತಿಂಗಳಲ್ಲಿ ಹರಿಯುವುದು ಕ್ಯಾಸ್ಕೇಡ್ ಬೆಟ್ಟದ ಮೇಲೆ ಆಗಷ್ಟೇ ಕರಗಿದ ಹಿಮ. ಬಿಸಿಲು ಜೋರಾದಷ್ಟೂ ಹಿಮ ಹೆಚ್ಚು ಕರಗಿ ನದಿ ಇನ್ನೂ ರಭಸವಾಗುತ್ತದೆ. ಹಾಗಾಗಿ ಅತಿ ಸುಂದರವಾದ ದಿನವೇ ನೀರಿಗಿಳಿಯಲು ಅತಿ ಕೆಟ್ಟ ದಿನವೂ ಆಗಬಹುದು.

ನಮ್ಮಲ್ಲಿ ಅನೇಕರು ಈಜು ಕಲಿತದ್ದು ಊರಿನ ಬಾವಿಯಲ್ಲಿ, ಕೆರೆಯಲ್ಲಿ, ಇಲ್ಲವೇ ತುಂಗಭದ್ರೆ, ಕಾವೇರಿ, ನೇತ್ರಾವತಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಚಿಕ್ಕಪ್ಪನೋ ಮಾವನೋ ಬಾವಿಗೆ ತಳ್ಳುತ್ತಿದ್ದರು. (ಯೋಚಿಸಿ ನೋಡಿದರೆ ಆ ಸೋರೆಬುರುಡೆ ನಮ್ಮ ಮೊದಲ ಲೈಫ್ ಜಾಕೆಟ್!) ಆ ನೀರು ಬೆಳಗಿನ ಜಾವದಲ್ಲಿ ಮೈ ಜುಮ್ಮೆನಿಸುತ್ತಿತ್ತು, ಆದರೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತಿದ್ದುದು ಅಪರೂಪ. ಹಾಗಾಗಿ "ನನಗೆ ಈಜು ಬರುತ್ತೆ ಬಿಡ್ರೀ" ಎನ್ನುವ ನಮ್ಮ ಧೈರ್ಯ ಬೆಚ್ಚಗಿನ ನೀರಿನಲ್ಲಿ ಗಳಿಸಿದ್ದು. 10 ಡಿಗ್ರಿ ಸೆಲ್ಸಿಯಸ್ ನೀರಿನ ಪರೀಕ್ಷೆಗೆ ಆ ಸರ್ಟಿಫಿಕೇಟ್ ನಡೆಯುವುದಿಲ್ಲ. ಯಾಕೆ ಎಂದು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲ ಒಂದು ನಿಮಿಷ

ತಣ್ಣೀರು ಅಂದರೆ ಹೈಪೋಥರ್ಮಿಯಾ, ಅಂದರೆ ಮೈ ಒಳಗಿನ ಶಾಖ ಇಳಿದು ಸಾಯುವುದು ಎಂದು ಸಾಮಾನ್ಯ ತಿಳಿವಳಿಕೆ. ಅದು ನಿಧಾನದ ಕೆಲಸ. ದೊಡ್ಡವರಲ್ಲಿ ಹೈಪೋಥರ್ಮಿಯಾ ಶುರುವಾಗಲಿಕ್ಕೇ ಸುಮಾರು ಅರ್ಧ ಗಂಟೆ ಬೇಕು. ತಣ್ಣೀರಿಗೆ ಬಿದ್ದವರಲ್ಲಿ ಎಷ್ಟೋ ಮಂದಿ ಅಷ್ಟು ಹೊತ್ತು ಉಳಿಯುವುದೇ ಇಲ್ಲ. ಅವರು ಹೋಗುವುದು ಮೊದಲ ಒಂದೆರಡು ನಿಮಿಷದಲ್ಲಿ, ಮೈ ಇನ್ನೂ ಬೆಚ್ಚಗಿರುವಾಗಲೇ.

ಇದಕ್ಕೆ ಕೋಲ್ಡ್ ಶಾಕ್ ಎನ್ನುತ್ತಾರೆ. ಚರ್ಮ ಇದ್ದಕ್ಕಿದ್ದಂತೆ ತಣ್ಣಗಾದಾಗ ಚರ್ಮದಡಿಯ ನರಗಳು ಮೆದುಳಿಗೆ ಒಂದೇ ಸಲಕ್ಕೆ ತುರ್ತು ಸುದ್ದಿ ಕಳಿಸುತ್ತವೆ. ಆಗ ನಮ್ಮ ಅಪ್ಪಣೆ ಕೇಳದೆ ಬಾಯಿ ತೆರೆದು "ಹಾ!" ಎಂದು ಜೋರಾಗಿ ಉಸಿರು ಒಳಗೆಳೆದುಕೊಳ್ಳುತ್ತೇವೆ. ಸಂಕ್ರಾಂತಿಯ ಬೆಳಿಗ್ಗೆ ತಲೆ ಮೇಲೆ ತಣ್ಣೀರಿನ ಚೊಂಬು ಬಿದ್ದಾಗ ಆಗುತ್ತದಲ್ಲ, ಅದೇ. ಆದರೆ ಹತ್ತು ಪಟ್ಟು. ಒಂದೇ ಎಳೆತಕ್ಕೆ ಎರಡು ಮೂರು ಲೀಟರ್ ಗಾಳಿ ಒಳಗೆ ಹೋಗಬಹುದು. ಆ ಕ್ಷಣದಲ್ಲಿ ಬಾಯಿ ನೀರಿನ ಮೇಲಿದ್ದರೆ ಗಾಳಿ ಹೋಗುತ್ತದೆ, ನೀರಿನ ಕೆಳಗಿದ್ದರೆ ನೀರು ಹೋಗುತ್ತದೆ. ಕಯಾಕ್ ಮಗುಚಿದಾಗ ತಲೆ ಎಲ್ಲಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆಮೇಲೂ ಒಂದೆರಡು ನಿಮಿಷ ಓಡಿಬಂದ ನಾಯಿಯಂತೆ ತೇಕು. ಬೆಚ್ಚಗಿನ ಸ್ವಿಮ್ಮಿಂಗ್ ಪೂಲಿನಲ್ಲಿ ಒಂದು ನಿಮಿಷ ಉಸಿರು ಬಿಗಿಹಿಡಿಯಬಲ್ಲವರು ಇಲ್ಲಿ ಹತ್ತು ಸೆಕೆಂಡ್ ಹಿಡಿಯುವುದೂ ಕಷ್ಟ. ರಕ್ತನಾಳಗಳು ಬಿಗಿದುಕೊಂಡು ಬಿಪಿ, ಎದೆಬಡಿತ ಎರಡೂ ಏರುತ್ತವೆ. ನಮ್ಮ ದಕ್ಷಿಣ ಏಷ್ಯಾದವರಲ್ಲಿ ಹೃದಯದ ತೊಂದರೆ ಚಿಕ್ಕ ವಯಸ್ಸಿಗೇ ಬರುವುದು ಹೆಚ್ಚು ಎಂಬುದು ಗೊತ್ತಿರುವ ಸಂಗತಿ. ಊರಿಂದ ಆರು ತಿಂಗಳಿಗೆ ಬಂದಿರುವ ಅಪ್ಪ-ಅಮ್ಮನನ್ನು ಖುಷಿಗೆಂದು ಕಯಾಕ್ ಹತ್ತಿಸುವ ಮುನ್ನ ಇದು ನೆನಪಿರಲಿ. ಅವರಿಗೆ ದೊಡ್ಡ ದೋಣಿ, ಫೆರಿ ಸಾಕು. ಬೇನ್‌ಬ್ರಿಜ್ ಐಲ್ಯಾಂಡಿನ ಫೆರಿಯಿಂದ ಕಾಣುವ ನೋಟಕ್ಕೇನೂ ಕಡಿಮೆಯಿಲ್ಲ.

ನೀರು ಮಂಜುಗಡ್ಡೆಯ ಹಾಗೇ ಇರಬೇಕೆಂದೂ ಇಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಈ ಕೋಲ್ಡ್ ಶಾಕ್ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು. 10ರಿಂದ 15 ಡಿಗ್ರಿ ಸೆಲ್ಸಿಯಸ್ ನೀರಿನಲ್ಲೇ ಈ ಆಘಾತ ತನ್ನ ತುತ್ತತುದಿ ಮುಟ್ಟಿಬಿಡುತ್ತದೆ. ಅಂದರೆ ನಮ್ಮ ಮೇ ತಿಂಗಳ ಕೆರೆ ಸರಿಯಾಗಿ ಅದೇ ಲೆಕ್ಕಕ್ಕೆ ಬರುತ್ತದೆ. ಪ್ರಾಣಾಯಾಮ ಮಾಡುವವರು "ನಾನು ಉಸಿರು ಕಂಟ್ರೋಲ್ ಮಾಡಿಕೊಳ್ತೀನಿ" ಅನ್ನಬಹುದು. ಮೊದಲ ಆ "ಹಾ" ನಮ್ಮ ಕೈಯಲ್ಲಿಲ್ಲ, ಅದು ಹಾರ್ಡ್‌ವೇರ್ ಇಂಟರಪ್ಟ್ ಇದ್ದಂತೆ. ಆಮೇಲಿನ ತೇಕನ್ನು ತಹಬದಿಗೆ ತರುವುದಕ್ಕೆ ಮಾತ್ರ ಅಭ್ಯಾಸ ನೆರವಾದೀತು.

ಆಮೇಲೆ ಹತ್ತು ನಿಮಿಷ, ಆಮೇಲೆ ಒಂದು ಗಂಟೆ

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರೊಫೆಸರ್ ತಮ್ಮನ್ನೇ ಮತ್ತೆ ಮತ್ತೆ ತಣ್ಣೀರಿನಲ್ಲಿ ಮುಳುಗಿಸಿಕೊಂಡು ಅಧ್ಯಯನ ಮಾಡಿದವರು. ಪ್ರೊಫೆಸರ್ ಪಾಪ್ಸಿಕಲ್ ಎಂದೇ ಅವರಿಗೆ ಹೆಸರು. ಅವರು ಹೇಳಿಕೊಟ್ಟ ಸೂತ್ರ 1-10-1: ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ಇರುವುದು ಸುಮಾರು 1 ಗಂಟೆ. ಇವು ಹಿಮದಷ್ಟು ತಣ್ಣಗಿನ ನೀರಿಗೆ ಹೇಳಿದ ಅಂದಾಜುಗಳು. ನೀರು ಬೆಚ್ಚಗಾದಂತೆ ಕೊನೆಯ ಎರಡು ಅವಧಿಗಳು ಸ್ವಲ್ಪ ಹಿಗ್ಗುತ್ತವೆ. ಆದರೆ ಅನುಕ್ರಮ ಬದಲಾಗದು.

ಆ ಹತ್ತು ನಿಮಿಷವನ್ನು ಗಮನಿಸಿ. ಮೈ ತನ್ನ ಹೃದಯ, ಮೆದುಳು ಉಳಿಸಿಕೊಳ್ಳಲು ಕೈಕಾಲಿನ ರಕ್ತ ಕಡಿಮೆ ಮಾಡುತ್ತದೆ. ಮೊದಲು ಬೆರಳು ಮರಗಟ್ಟುತ್ತವೆ, ಆಮೇಲೆ ತೋಳು. ಪ್ಯಾಡಲ್ ಹಿಡಿಯಲಾಗುವುದಿಲ್ಲ, ಝಿಪ್ ಎಳೆಯಲಾಗುವುದಿಲ್ಲ, ಬಕಲ್ ಹಾಕಲಾಗುವುದಿಲ್ಲ. ಒಳ್ಳೆಯ ಈಜುಗಾರರ ಕೈಯೂ ಸೋಲುತ್ತದೆ. "ದಡ ಇಲ್ಲೇ ಇದೆಯಲ್ಲ, ಈಜಿಬಿಡೋಣ" ಎಂದು ಹೊರಟವರು ಅರ್ಧ ದಾರಿಯಲ್ಲಿ ನಿಂತುಬಿಡುವುದು ಇದಕ್ಕೇ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಡೇಟಾ ಸೆಂಟರಿನಲ್ಲಿ ಸರ್ವರ್‌ಗಳಿಗೆ ನೀರಿನ ಕೂಲಿಂಗ್ ಯಾಕೆ ಇಡುತ್ತಾರೋ ಅದೇ ಕಾರಣ. 50 ಡಿಗ್ರಿ ಗಾಳಿಯಲ್ಲಿ ಒಂದು ಸ್ವೆಟರ್ ಹಾಕಿಕೊಂಡು ಆರಾಮಾಗಿ ವಾಕಿಂಗ್ ಹೋಗುತ್ತೇವೆ. ಅದೇ 50 ಡಿಗ್ರಿ ನೀರು ಬೇರೆಯೇ ಲೋಕ.

1912ರಲ್ಲಿ ಟೈಟಾನಿಕ್ ಮುಳುಗಿದಾಗ ನೀರಿನ ಶಾಖ ಸುಮಾರು ಮೈನಸ್ 2 ಡಿಗ್ರಿ ಸೆಲ್ಸಿಯಸ್. ಅಂದು ನೀರಿಗೆ ಬಿದ್ದವರಲ್ಲಿ ಬಹಳ ಮಂದಿ ಲೈಫ್ ಬೆಲ್ಟ್ ತೊಟ್ಟಿದ್ದರು, ತೇಲುತ್ತಲೇ ಇದ್ದರು. ಹಡಗು ಮುಳುಗಿ ಒಂದೂಮುಕ್ಕಾಲು ಗಂಟೆಯ ಒಳಗೇ ಕಾರ್ಪೇಥಿಯಾ ಎಂಬ ಹಡಗು ಅಲ್ಲಿಗೆ ಬಂದಿತ್ತು. ಬದುಕಿದವರು ಹೆಚ್ಚು ಕಡಿಮೆ ದೋಣಿಯಲ್ಲಿದ್ದವರು ಮಾತ್ರ.

ಅಷ್ಟು ಹಳೆಯದು ಯಾಕೆ ಎನ್ನುವವರಿಗೆ ಇನ್ನೊಂದು. ನಮ್ಮಲ್ಲಿ ಹೆಚ್ಚಿನವರ ಕ್ಲೋಸೆಟ್ಟಿನಲ್ಲಿ ನಾರ್ತ್ ಫೇಸ್ ಜಾಕೆಟ್ ಒಂದಾದರೂ ಇರುತ್ತದೆ. ಆ ಕಂಪನಿಯನ್ನು 1960ರ ದಶಕದಲ್ಲಿ ಹುಟ್ಟುಹಾಕಿದ ಡಗ್ಲಸ್ ಟಾಂಪ್ಕಿನ್ಸ್ ಜೀವನವಿಡೀ ಬೆಟ್ಟ, ನದಿ, ಕಯಾಕ್ ಎಂದು ಅಲೆದವರು. 2015ರ ಡಿಸೆಂಬರ್ 8ರಂದು, ತಮ್ಮ 72ನೇ ವಯಸ್ಸಿನಲ್ಲಿ, ಚಿಲಿ ದೇಶದ ಹೆನೆರಾಲ್ ಕರೇರಾ ಸರೋವರದಲ್ಲಿ ನುರಿತ ಗೆಳೆಯರೊಂದಿಗೆ ಹೋಗುತ್ತಿದ್ದಾಗ ಗಾಳಿಯೆದ್ದು ಅವರಿದ್ದ ಇಬ್ಬರ ಕಯಾಕ್ ಮಗುಚಿತು. ನೀರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಸುಮಾರು ಒಂದು ಗಂಟೆ ನೀರಿನಲ್ಲಿದ್ದ ಅವರನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೈ ಶಾಖ 19 ಡಿಗ್ರಿಗೆ ಇಳಿದಿತ್ತು, ಉಳಿಯಲಿಲ್ಲ. ಜೊತೆಯಲ್ಲಿ ನೀರಿಗೆ ಬಿದ್ದ ರಿಕ್ ರಿಜ್‌ವೇ ಎಂಬ ಪರ್ವತಾರೋಹಿ ಬದುಕಿದರು. ಇವರಿಬ್ಬರ ಅನುಭವದ ಮುಂದೆ ವೀಕೆಂಡ್ ಪ್ಯಾಡಲರ್‌ಗಳಾದ ನಾವು ಎಲ್ಲಿಯ ಲೆಕ್ಕ!

ಲೈಫ್ ಜಾಕೆಟ್: ಸೀಟಿನ ಕೆಳಗಲ್ಲ, ಮೈಮೇಲೆ

ಮೊದಲ ನಿಮಿಷ ಏನಾಗುತ್ತದೆಂದು ಗೊತ್ತಾದ ಮೇಲೆ ಇದನ್ನು ವಾದಿಸುವ ಅಗತ್ಯವೇ ಇಲ್ಲ. ತೇಕುತ್ತಾ, ಮರಗಟ್ಟುವ ಬೆರಳಿನಲ್ಲಿ, ಅಲೆಯ ನಡುವೆ ಲೈಫ್ ಜಾಕೆಟ್ ಹುಡುಕಿ ತೊಡುವುದು ಆಗದ ಹೋಗದ ಮಾತು. ಕಾರು ಗುದ್ದುವಾಗ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತೇನೆ ಅಂದ ಹಾಗೆ. ಅಮೆರಿಕದ ಕೋಸ್ಟ್ ಗಾರ್ಡ್ ಲೆಕ್ಕದ ಪ್ರಕಾರ 2023ರಲ್ಲಿ ಮೋಜಿನ ದೋಣಿಗಳ ಅವಘಡಗಳಲ್ಲಿ 564 ಮಂದಿ ಸತ್ತರು. ಸಾವಿನ ಕಾರಣ ತಿಳಿದ ಪ್ರಕರಣಗಳಲ್ಲಿ ನೂರಕ್ಕೆ 75 ಮಂದಿ ಮುಳುಗಿ ಸತ್ತವರು. ಹಾಗೆ ಮುಳುಗಿದವರಲ್ಲಿ ನೂರಕ್ಕೆ 87 ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ.

ವಾಷಿಂಗ್ಟನ್ ರಾಜ್ಯದ ಕಾನೂನಿನಂತೆ ಕಯಾಕೂ ಒಂದು ದೋಣಿಯೇ. ಕೂತ ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ, ಕೋಸ್ಟ್ ಗಾರ್ಡ್ ಒಪ್ಪಿದ ಲೈಫ್ ಜಾಕೆಟ್ ದೋಣಿಯಲ್ಲಿ ಇರಲೇಬೇಕು. 19 ಅಡಿಗಿಂತ ಚಿಕ್ಕ ದೋಣಿಯಲ್ಲಿ 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಅದನ್ನು ತೊಟ್ಟೇ ಇರಬೇಕು. ದೊಡ್ಡವರು "ಇದ್ದರೆ ಸಾಕು" ಎನ್ನುವುದು ಕಾನೂನು. ಈ ವಿಷಯದಲ್ಲಿ ಕಾನೂನು ಪಾಸ್ ಮಾರ್ಕ್ಸ್ ಅಷ್ಟೇ ಕೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ಅಲ್ಲದೆ ಅಪ್ಪ ತೊಡದಿದ್ದರೆ ಹನ್ನೆರಡರ ಮಗ ಹದಿಮೂರಾದ ದಿನವೇ ಬಿಚ್ಚಿಡುತ್ತಾನೆ.

ಕೊಳ್ಳುವಾಗ ಒಳಗಿನ ಲೇಬಲ್ ಓದಿ. ಹಳೆಯ ಲೇಬಲ್ಲಿನಲ್ಲಿ ಟೈಪ್ 3 ಎಂದಿರುವುದು ಕಯಾಕಿಗೆ ಸಾಮಾನ್ಯವಾಗಿ ಬಳಸುವಂಥದ್ದು. ಹೊಸ ಲೇಬಲ್ಲುಗಳಲ್ಲಿ 70 ಎಂಬ ಸಂಖ್ಯೆ ಇರುತ್ತದೆ, ಅಂದರೆ 70 ನ್ಯೂಟನ್ ಎತ್ತುವ ಬಲ, ಹೆಚ್ಚು ಕಡಿಮೆ 16 ಪೌಂಡ್. ನಾನು 170 ಪೌಂಡ್ ಇದ್ದೇನೆ, 16 ಪೌಂಡ್ ಏನು ಸಾಕು ಎಂದು ಕೇಳಬೇಡಿ. ಆರ್ಕಿಮಿಡೀಸನನ್ನು ನೆನಪಿಸಿಕೊಳ್ಳಿ, ನಮ್ಮ ಮೈ ಬಹುಪಾಲು ನೀರೇ ಆದ್ದರಿಂದ ತಲೆ ಮೇಲಿರಲು ಬೇಕಾಗುವುದು 7ರಿಂದ 12 ಪೌಂಡ್ ಹೆಚ್ಚುವರಿ ಬಲ ಮಾತ್ರ.

ಅಳತೆ ಮುಖ್ಯ. ದೊಡ್ಡವರಿಗೆ ಎದೆಯ ಸುತ್ತಳತೆ, ಮಕ್ಕಳಿಗೆ ತೂಕ. ಬಕಲ್ ಎಲ್ಲ ಹಾಕಿ ಬಿಗಿಮಾಡಿ, ಯಾರಾದರೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲಿ. ಜಾಕೆಟ್ ಗಲ್ಲ ದಾಟಿ ಕಿವಿಯ ತನಕ ಬಂತೆಂದರೆ ಅದು ದೊಡ್ಡದು. ನೀರಿನಲ್ಲಿ ಜಾಕೆಟ್ ಮೇಲೆ ತೇಲುತ್ತದೆ, ಒಳಗಿನವರು ಕೆಳಗೆ ಜಾರುತ್ತಾರೆ. ಚಿಕ್ಕ ಮಕ್ಕಳಿಗೆ ತೊಡೆಗಳ ನಡುವೆ ಹಾದುಬರುವ ಪಟ್ಟಿ ಇರುವಂಥದ್ದೇ ಆಗಬೇಕು. "ಮುಂದಿನ ವರ್ಷಕ್ಕೂ ಆಗುತ್ತೆ" ಎಂದು ಒಂದು ಸೈಜ್ ದೊಡ್ಡದು ಕೊಳ್ಳುವ ನಮ್ಮ ಯೂನಿಫಾರ್ಮ್ ಕಾಲದ ಬುದ್ಧಿ ಇಲ್ಲಿ ಬೇಡ. ಸ್ವಿಮ್ಮಿಂಗ್ ಪೂಲಿನ ಗಾಳಿ ತುಂಬಿದ ತೋಳುಪಟ್ಟಿಗಳು ಲೈಫ್ ಜಾಕೆಟ್ ಅಲ್ಲ. ಸೊಂಟಕ್ಕೆ ಕಟ್ಟಿ, ಬೇಕಾದಾಗ ಹಗ್ಗ ಎಳೆದರೆ ಉಬ್ಬುವ ಬಗೆಯವೂ ಬರುತ್ತವೆ. ನೋಡಲು ಸ್ಟೈಲ್, ಆದರೆ ಮೊದಲ ನಿಮಿಷದಲ್ಲಿ ಹಗ್ಗ ಎಳೆದು, ತಲೆಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿ ನೀವಿರುತ್ತೀರಾ? ತಣ್ಣೀರಿಗೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿಕೊಳ್ಳಿ. ಎರಡು ಡಾಲರಿನ ವಸ್ತು. ತೇಕುತ್ತಿರುವವರು ಕೂಗಲಾರರು, ಊದಬಲ್ಲರು. ಮೊಬೈಲು ನೀರು ಹೋಗದ ಚೀಲದಲ್ಲಿ, ಮೈಗೇ ಕಟ್ಟಿರಲಿ. ಕಯಾಕಿನ ಡಬ್ಬಿಯಲ್ಲಿಟ್ಟರೆ ಕಯಾಕ್ ತೇಲಿಹೋದಾಗ ಅದೂ ಹೋಗುತ್ತದೆ.

ಬಟ್ಟೆ

ಇಲ್ಲಿ ಒಂದೇ ಸೂತ್ರ: ನೀರಿನ ಶಾಖ ನೋಡಿ ಬಟ್ಟೆ ಹಾಕಿ. ಗಾಳಿ ಮತ್ತು ನೀರಿನ ಫ್ಯಾರನ್‌ಹೀಟ್ ಅಂಕಿ ಕೂಡಿಸಿ, 120 ದಾಟಿದರೆ ವೆಟ್‌ಸೂಟ್ ಬೇಡ ಎನ್ನುವ ಒಂದು ಲೆಕ್ಕ ಪ್ಯಾಡಲರ್‌ಗಳ ನಡುವೆ ಓಡಾಡುತ್ತಿದೆ. ಲೆಕ್ಕ ಹಾಕಿ ನೋಡಿ: ಗಾಳಿ 75, ಪ್ಯೂಜೆಟ್ ಸೌಂಡಿನ ನೀರು 50, ಮೊತ್ತ 125, ಟೀ ಶರ್ಟ್ ಸಾಕು ಎಂದಾಯಿತು! ನೀರಿಗೆ ಬಿದ್ದ ಮೇಲೆ ಗಾಳಿಯ ಅಂಕಿಗೆ ಅರ್ಥವೇ ಇಲ್ಲ. ಫೇಲ್ ಆದಾಗ ಲೆಕ್ಕಕ್ಕೆ ಬಾರದ ಇನ್‌ಪುಟ್ಟನ್ನು ಕೂಡಿಸಿಕೊಂಡ ಫಾರ್ಮುಲಾ ಇದು, ಕೋಡ್ ರಿವ್ಯೂನಲ್ಲಿ ಪಾಸಾಗಬಾರದು.

ಕಾಟನ್ ಬೇಡ. ಜೀನ್ಸ್, ಕಾಟನ್ ಟೀ ಶರ್ಟ್, ಕಾಲೇಜಿನ ಹೆಸರಿರುವ ದಪ್ಪ ಸ್ವೆಟ್‌ಶರ್ಟ್, ಚೂಡಿದಾರದ ದುಪಟ್ಟಾ ಎಲ್ಲ ಮನೆಯಲ್ಲಿರಲಿ. ನೆನೆದ ಕಾಟನ್ ಮೈಗೆ ಅಂಟಿಕೊಂಡು ಇರುವ ಶಾಖವನ್ನೂ ಹೀರುತ್ತದೆ, ಬೇಗ ಒಣಗುವುದೂ ಇಲ್ಲ. ಸಿಂಥೆಟಿಕ್, ಫ್ಲೀಸ್, ಉಣ್ಣೆ ವಾಸಿ.

ವೆಟ್‌ಸೂಟ್ ನಿಯೋಪ್ರೀನ್ ಎಂಬ ರಬ್ಬರಿನಂಥ ವಸ್ತುವಿನದ್ದು. ಅದರೊಳಗೆ ಸಣ್ಣ ಸಣ್ಣ ಗುಳ್ಳೆಗಳಿವೆ, ಅವೇ ಶಾಖ ತಡೆಯುವುದು. ಮೈಗೂ ಸೂಟಿಗೂ ನಡುವೆ ಸ್ವಲ್ಪ ನೀರು ನುಗ್ಗಿ ಮೈ ಶಾಖಕ್ಕೆ ಬೆಚ್ಚಗಾಗುತ್ತದೆ. ಹಾಗಾಗಿ ಬಿಗಿಯಾಗಿರಬೇಕು, ಸಡಿಲವಾದರೆ ತಣ್ಣೀರು ಬಂದು ಹೋಗುತ್ತಲೇ ಇರುತ್ತದೆ. ಕಯಾಕಿಂಗ್ ಮಾಡುವವರು 3 ಮಿಲಿಮೀಟರ್ ದಪ್ಪದ, ತೋಳಿಲ್ಲದ ಬಗೆಯದನ್ನು ಇಷ್ಟಪಡುತ್ತಾರೆ, ಭುಜ ಸಲೀಸಾಗಿ ತಿರುಗುತ್ತದೆ. ನೀರು 60ರ ಆಸುಪಾಸು ಇದ್ದು, ದಡದ ಬದಿಯಲ್ಲೇ ಇರುವವರಿಗೆ ಇದು ಸರಿ.

ಡ್ರೈಸೂಟ್ ಬೇರೆ. ಕುತ್ತಿಗೆ, ಮಣಿಕಟ್ಟಿನಲ್ಲಿ ರಬ್ಬರಿನ ಬಿಗಿಯಾದ ಪಟ್ಟಿಗಳಿದ್ದು ನೀರು ಒಳಗೇ ಬರುವುದಿಲ್ಲ. ಆದರೆ ಆ ಬಟ್ಟೆ ತೆಳು, ತಾನಾಗಿ ಬೆಚ್ಚಗಿಡುವುದಿಲ್ಲ. ಒಳಗೆ ಉಣ್ಣೆಯದೋ ಫ್ಲೀಸಿನದೋ ಉಡುಪು ಹಾಕಿಕೊಳ್ಳಬೇಕು. ನೀರಿಗೆ ಇಳಿಯುವ ಮುನ್ನ ಕುಕ್ಕರುಗಾಲಿನಲ್ಲಿ ಕೂತು, ಕುತ್ತಿಗೆಯ ಪಟ್ಟಿ ಸ್ವಲ್ಪ ಬಿಡಿಸಿ ಒಳಗಿನ ಗಾಳಿ ಹೊರಬಿಡಬೇಕು. ಇಲ್ಲದಿದ್ದರೆ ಬಲೂನಿನಂತೆ ಉಬ್ಬಿ ಈಜುವುದು ಕಷ್ಟ. ಬೆಲೆ ಸಾವಿರ ಡಾಲರಿನ ಆಸುಪಾಸು, ಅದಕ್ಕಿಂತ ಹೆಚ್ಚಿನವೂ ಇವೆ. ವರ್ಷಕ್ಕೆ ಎರಡು ಸಲ ಹೋಗುವವರು ಕೊಳ್ಳಬೇಕಾಗಿಲ್ಲ. ಬಾಡಿಗೆಗೆ ಸಿಗುವ ಕಡೆ ವಿಚಾರಿಸಿ, ಇಲ್ಲವೇ ಇನ್ನೂ ಅಗ್ಗದ ದಾರಿ ಹಿಡಿಯಿರಿ: ಜುಲೈ ಕೊನೆ ತನಕ ಕಾದು ಕೆರೆ ಬೆಚ್ಚಗಾದ ಮೇಲೆ ಹೋಗಿ. ಚಳಿಗಾಲದಲ್ಲೂ ಸೌಂಡಿಗೆ ಇಳಿಯಬೇಕು ಎನ್ನುವವರಿಗೆ ಮಾತ್ರ ಡ್ರೈಸೂಟಿಗೆ ಪರ್ಯಾಯ ಇಲ್ಲ. ಕೈಗೆ ನಿಯೋಪ್ರೀನ್ ಗ್ಲೌಸ್, ತಲೆಗೆ ಟೋಪಿ ಮರೆಯಬೇಡಿ. ಕೈ ಹೋದರೆ ಎಲ್ಲವೂ ಹೋದಂತೆ.

ದೋಣಿ, ಗಾಳಿ

ಬಾಡಿಗೆಯ ಜಾಗದಲ್ಲಿ ಎರಡು ಬಗೆ ಕಾಣುತ್ತವೆ. ಹಲಗೆಯಂತೆ ಮೇಲೆ ಕೂರುವ ಕಯಾಕ್ ಒಂದು. ಮಗುಚಿದರೆ ಸುಮ್ಮನೆ ಹೊರಗೆ ಬೀಳುತ್ತೀರಿ, ಅದನ್ನು ತಿರುಗಿಸಿ ಮತ್ತೆ ಹತ್ತಬಹುದು. ಹೊಸಬರಿಗೆ ಅದೇ ಒಳ್ಳೆಯದು. ಇನ್ನೊಂದು ಕಾಲು ಒಳಗಿಟ್ಟು ಕೂರುವಂಥದ್ದು. ಮಗುಚಿದರೆ ನೀರು ತುಂಬುತ್ತದೆ, ಖಾಲಿ ಮಾಡಲು ಪಂಪ್ ಬೇಕು, ಹತ್ತಲು ಅಭ್ಯಾಸ ಬೇಕು. ಸೊಂಟದ ಸುತ್ತ ನೀರು ಬಾರದಂತೆ ಹಾಕುವ ಸ್ಪ್ರೇ ಸ್ಕರ್ಟ್ ಇದ್ದರೆ, ತಲೆಕೆಳಗಾದಾಗ ಮುಂದಕ್ಕೆ ಬಾಗಿ ಅದರ ಹಿಡಿಕೆ ಎಳೆದು ಹೊರಬರುವುದನ್ನು ಕ್ಲಾಸಿನಲ್ಲಿ ಕಲಿತೇ ಹೋಗಬೇಕು. ಗಾಳಿ ತುಂಬಿಸುವ ಅಗ್ಗದ ಕಯಾಕ್ ನೀರಿನ ಮೇಲೆ ಹಗುರವಾಗಿ ಎತ್ತರ ಕೂರುವುದರಿಂದ ಗಾಳಿ ಬೀಸಿದತ್ತ ಗಾಳಿಪಟದಂತೆ ಹೋಗುತ್ತದೆ. ಅದಕ್ಕೆ ದಡದಿಂದ ನಿಂತು ಮಾತಾಡಿಸುವಷ್ಟು ದೂರವೇ ಮಿತಿ.

ಗಾಳಿ ಭೂಮಿಯಿಂದ ನೀರಿನ ಕಡೆ ಬೀಸುವಾಗ ದಡದ ಹತ್ತಿರ ನೀರು ಕನ್ನಡಿಯಂತೆ ಇರುತ್ತದೆ. ನೂರು ಗಜ ಹೋದ ಮೇಲೆ ಅದು ನಿಮ್ಮನ್ನು ಹೊರಕ್ಕೆ ತಳ್ಳತೊಡಗುತ್ತದೆ. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಬೇಯಲ್ಲಿ ಆದದ್ದು ಹೀಗೇ. ಪ್ಲಿಮತ್‌ನ ಒಂದು ಶಾಲೆಯ ಎಂಟು ಮಕ್ಕಳು, ಒಬ್ಬರು ಶಿಕ್ಷಕರು, ಇಬ್ಬರು ತರಬೇತುದಾರರು ಲೈಮ್ ರೀಜಿಸ್ ಊರಿನಿಂದ ಪಕ್ಕದ ಚಾರ್‌ಮತ್‌ಗೆ ಕಯಾಕಿನಲ್ಲಿ ಹೊರಟರು. ಗಾಳಿ ಸಮುದ್ರಕ್ಕೆ ಎಳೆದೊಯ್ದಿತು, ದೋಣಿಗಳು ಒಂದೊಂದಾಗಿ ನೀರು ತುಂಬಿ ಮಗುಚಿದವು. ಸಹಾಯ ಕೇಳುವ ಬೆಳಕಿನ ಬಾಣ ಅವರ ಬಳಿ ಇರಲಿಲ್ಲ. ವೇಳೆಗೆ ಬರಲಿಲ್ಲ ಎಂದು ತಿಳಿದರೂ ಕೋಸ್ಟ್ ಗಾರ್ಡಿಗೆ ಸುದ್ದಿ ಮುಟ್ಟುವಾಗ ಗಂಟೆಗಳು ಕಳೆದಿದ್ದವು. ನಾಲ್ಕು ಮಕ್ಕಳು ಸತ್ತರು. ಅಲ್ಲಿನ ಸುರಕ್ಷತೆ ಸಾಲದು ಎಂದು ಕೆಲಸ ಬಿಟ್ಟ ಇಬ್ಬರು ತರಬೇತುದಾರರು ಹಿಂದಿನ ವರ್ಷವೇ ಆ ಕೇಂದ್ರಕ್ಕೆ ಪತ್ರ ಬರೆದು ಎಚ್ಚರಿಸಿದ್ದರು. ಕೇಂದ್ರ ನಡೆಸುತ್ತಿದ್ದವರಿಗೆ ಜೈಲಾಯಿತು; 1995ರಲ್ಲಿ ಮಕ್ಕಳ ಸಾಹಸ ಕೇಂದ್ರಗಳಿಗೆಂದೇ ಬ್ರಿಟನ್ ಹೊಸ ಕಾನೂನು ತಂದಿತು. ಮಕ್ಕಳನ್ನು ಸಮ್ಮರ್ ಕ್ಯಾಂಪಿಗೆ ಕಳಿಸುವ ನಾವು ಫೀಸು, ಊಟ, ಪಿಕಪ್ ಟೈಮ್ ಎಲ್ಲ ವಿಚಾರಿಸುತ್ತೇವೆ. ಕಯಾಕಿಂಗ್ ಇದ್ದರೆ ಇನ್ನೂ ಮೂರು ಕೇಳಿ: ನೀರಿನ ಶಾಖ ಎಷ್ಟು, ಮಕ್ಕಳಿಗೆ ಏನು ತೊಡಿಸುತ್ತೀರಿ, ಬೇಗ ಹೋಗಿ ಎತ್ತುವ ದೋಣಿ ಇದೆಯೇ.

ನೀವು ಹೊರಡುವ ಮುನ್ನ ನ್ಯಾಷನಲ್ ವೆದರ್ ಸರ್ವೀಸಿನ ಗಾಳಿಯ ಮುನ್ಸೂಚನೆ ನೋಡಿ. ಸೌಂಡಿನಲ್ಲಾದರೆ ಉಬ್ಬರವಿಳಿತದ ವೇಳೆಯೂ ಬೇಕು. ಡಿಸೆಪ್ಷನ್ ಪಾಸಿನಂಥ ಇಕ್ಕಟ್ಟಿನಲ್ಲಿ ಆ ಸೆಳೆತ ಯಾವ ಪ್ಯಾಡಲಿಗೂ ಬಗ್ಗುವುದಿಲ್ಲ. ಎಲ್ಲಿಗೆ, ಎಷ್ಟು ಜನ, ಕಯಾಕಿನ ಬಣ್ಣ ಏನು, ಎಷ್ಟು ಗಂಟೆಗೆ ವಾಪಸ್, ಬಾರದಿದ್ದರೆ ಯಾವಾಗ 911ಗೆ ಫೋನ್ ಮಾಡಬೇಕು, ಇಷ್ಟನ್ನು ಮನೆಯಲ್ಲಿರುವವರಿಗೆ ಬರೆದು ಕೊಡಿ. ಸ್ವಂತ ಕಯಾಕಾದರೆ ಅದರ ಮೇಲೆ ಹೆಸರು, ಫೋನ್ ನಂಬರ್ ಇರಲಿ. ಖಾಲಿ ಕಯಾಕ್ ತೇಲಿಬಂದರೆ ಯಾರೋ ಮುಳುಗಿದ್ದಾರೆಂದು ಕೋಸ್ಟ್ ಗಾರ್ಡ್ ಹುಡುಕಲು ಹೊರಡುತ್ತದೆ.

ಬಿದ್ದರೆ

ಮೊದಲ ನಿಮಿಷ ಈಜಬೇಡಿ. ಕಯಾಕನ್ನೋ ಪ್ಯಾಡಲನ್ನೋ ಹಿಡಿದುಕೊಂಡು, ಲೈಫ್ ಜಾಕೆಟ್ಟಿಗೆ ಮೈ ಬಿಟ್ಟು ಹಿಂದಕ್ಕೆ ಒರಗಿ, ಮುಖ ನೀರಿನಿಂದ ಮೇಲಿಟ್ಟು, ಉಸಿರನ್ನು ನಿಧಾನವಾಗಿ ಹೊರಬಿಡುವುದರ ಮೇಲೆ ಗಮನವಿಡಿ. ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆ ಆರ್‌ಎನ್‌ಎಲ್‌ಐ ಹಲವು ವರ್ಷಗಳಿಂದ ಜನರಿಗೆ ಹೇಳಿಕೊಡುತ್ತಿರುವುದು ಇದನ್ನೇ: ಮೊದಲು ತೇಲಿ. ಒಂದೆರಡು ನಿಮಿಷದಲ್ಲಿ ತೇಕು ಖಂಡಿತ ಇಳಿಯುತ್ತದೆ.

ಇಳಿದ ತಕ್ಷಣ ಕೈ ಮಾತು ಕೇಳುವ ಹೊತ್ತನ್ನು ಮತ್ತೆ ಹತ್ತುವುದಕ್ಕೆ ಬಳಸಿ. ಕಯಾಕನ್ನು ತಿರುಗಿಸಿ, ನಡುಭಾಗಕ್ಕೆ ಬಂದು, ಕಾಲುಗಳನ್ನು ನೀರಿನ ಮೇಲ್ಮಟ್ಟಕ್ಕೆ ತಂದು ಜೋರಾಗಿ ಒದೆಯುತ್ತಾ ಹೊಟ್ಟೆಯನ್ನು ಅದರ ಮೇಲೆ ಎಳೆದುಕೊಳ್ಳಿ. ಆಮೇಲೆ ಹೊರಳಿ ಕೂರಿ. ಕಾಲು ಕೆಳಗೆ ನೇತಾಡುತ್ತಿದ್ದರೆ ಹತ್ತಲಾಗುವುದಿಲ್ಲ. ಜೊತೆಯವರು ಆಚೆ ಬದಿಯಿಂದ ಕಯಾಕ್ ಹಿಡಿದರೆ ಕೆಲಸ ಅರ್ಧ. ಪೂರ್ತಿ ಹತ್ತಲಾಗದಿದ್ದರೂ ಮೈಯ ಎಷ್ಟು ಭಾಗ ಆಗುತ್ತದೋ ಅಷ್ಟು ನೀರಿನಿಂದ ಮೇಲೆತ್ತಿ. ದಡಕ್ಕೆ ಈಜುವ ಆಸೆಯಿಂದ ಕಯಾಕ್ ಬಿಡಬೇಡಿ. ಹುಡುಕುವವರಿಗೆ ಒಂದು ತಲೆಗಿಂತ ಒಂದು ದೋಣಿ ಬೇಗ ಕಾಣುತ್ತದೆ. ಏನೂ ಆಗದಿದ್ದರೆ ಮೊಣಕಾಲು ಎದೆಗೆ ಅವಚಿ ಮುದುಡಿಕೊಳ್ಳಿ, ಇಬ್ಬರು ಮೂವರಿದ್ದರೆ ತಬ್ಬಿಕೊಂಡಿರಿ, ಮಕ್ಕಳು ನಡುವೆ.

ಮೇಲೆತ್ತಿದವರನ್ನು ನೋಡಿಕೊಳ್ಳುವಲ್ಲಿ ನಮ್ಮ ಅಜ್ಜಿ ಕಾಲದ ವಾಡಿಕೆಗಳನ್ನು ಪಕ್ಕಕ್ಕಿಡಬೇಕು. ಅಂಗಾಲು, ಅಂಗೈ ತಿಕ್ಕುವುದು ಬೇಡ, ಬ್ರಾಂದಿ ಬೇಡ, ಬಿಸಿನೀರಿನ ಸ್ನಾನವೂ ಬೇಡ. ಕೈಕಾಲಿನ ತಣ್ಣನೆಯ ರಕ್ತ ಒಮ್ಮೆಗೇ ಒಳಗೆ ನುಗ್ಗಿದರೆ, ಬಿಪಿ ಕುಸಿದರೆ, ಎದೆಬಡಿತ ತಪ್ಪುತ್ತದೆ. ಬದುಕಿಬಂದವರು ದೋಣಿ ಹತ್ತಿದ ಮೇಲೆ ಕುಸಿದುಬಿದ್ದ ಉದಾಹರಣೆಗಳಿವೆ. ನಡೆಸಬೇಡಿ. ಮಲಗಿಸಿ, ಒದ್ದೆ ಬಟ್ಟೆಯನ್ನು ಮೆಲ್ಲಗೆ ತೆಗೆದು ಇಲ್ಲವೇ ಕತ್ತರಿಸಿ, ಒಣ ಕಂಬಳಿ ಸುತ್ತಿ, ಎದೆ, ಕಂಕುಳಿಗೆ ಬೆಚ್ಚಗಿನ ಪ್ಯಾಕ್ ಬಟ್ಟೆಯ ಮೇಲಿಂದ ಇಡಿ. ಪೂರ್ತಿ ಎಚ್ಚರವಿದ್ದು ಚೆನ್ನಾಗಿ ಮಾತಾಡುತ್ತಿದ್ದರೆ ಸಿಹಿಯಾದ ಬೆಚ್ಚಗಿನ ಹಾಲೋ ಹಾರ್ಲಿಕ್ಸೋ ಕೊಡಬಹುದು. ನಡುಕ ನಿಂತು ಮಾತು ತೊದಲುತ್ತಿದ್ದರೆ ಅದು ಸುಧಾರಿಸಿದ ಲಕ್ಷಣವಲ್ಲ, ಉಲ್ಬಣಿಸಿದ ಲಕ್ಷಣ, 911. ಉಸಿರಿಲ್ಲದಿದ್ದರೆ ಸಿಪಿಆರ್, ಬಾಯಿಂದ ಬಾಯಿಗೆ ಉಸಿರು ಕೊಡುವುದನ್ನೂ ಸೇರಿಸಿ.

ಕೊನೆಗೆ ಒಂದು ಹೋಂವರ್ಕ್. ಯಾವ ಸಾಮಾನನ್ನೂ ಪ್ರೊಡಕ್ಷನ್ನಿನಲ್ಲಿ ಮೊದಲ ಸಲ ಟೆಸ್ಟ್ ಮಾಡಬೇಡಿ. ಈಜುವ ಬೀಚಿನಲ್ಲಿ ಸೊಂಟಮಟ್ಟದ ನೀರಿನಲ್ಲಿ, ದಡದಲ್ಲಿ ಒಬ್ಬರನ್ನು ನಿಲ್ಲಿಸಿ, ಹಾಕಿಕೊಂಡು ಹೋಗುವ ಅದೇ ಬಟ್ಟೆ, ಅದೇ ಜಾಕೆಟ್‌ನಲ್ಲಿ ನಿಧಾನವಾಗಿ ಇಳಿಯಿರಿ. ಐದು ನಿಮಿಷ ಇರಲಾಗದಿದ್ದರೆ ಆ ಬಟ್ಟೆ ಆ ದಿನದ ನೀರಿಗೆ ಸಾಲದು. ಅಲ್ಲೇ ಎರಡು ಸಲ ಕಯಾಕ್ ಮಗುಚಿ ಹತ್ತಿ ನೋಡಿ. ಮಕ್ಕಳ ಜಾಕೆಟ್ಟನ್ನು ಪಿಕ್ನಿಕ್ಕಿನ ಹಿಂದಿನ ಸಂಜೆಯೇ ಗರಾಜಿನಿಂದ ತೆಗೆದು ತೊಡಿಸಿ, ಲೇಬಲ್ಲಿನ ತೂಕಕ್ಕೆ ಈ ವರ್ಷದ ತೂಕ ಹೊಂದುತ್ತದೆಯೇ ನೋಡಿ. ಚಿಕ್ಕದಾಗಿದ್ದರೆ ಹಲವು ಪಾರ್ಕುಗಳ ದೋಣಿ ಇಳಿಸುವ ಜಾಗದಲ್ಲಿ ಮಕ್ಕಳ ಲೈಫ್ ಜಾಕೆಟ್ ಪುಕ್ಕಟೆ ಎರವಲು ಸಿಗುತ್ತದೆ. ಬಳಸಿ ಮತ್ತೆ ಅಲ್ಲೇ ನೇತುಹಾಕಿ ಬನ್ನಿ.